ಯಲಹಂಕದ ನಂಬರ್ ಒನ್ ಸ್ಟೆಪ್ನಿ

ಯಲಹಂಕದಲ್ಲಿ ನಮ್ಮ ದೊಡ್ಡಪ್ಪನಷ್ಟು ಒಳ್ಳೆಯ ಸ್ಟೆಪ್ನಿ ಇನ್ನೊಂದಿಲ್ಲ!

ಹೊಗಳಿಕೆಗೆ ಹೇಳುತ್ತಿಲ್ಲ, ಬೈಗುಳವೂ ಅಲ್ಲ. ಬಸ್ಸಿನ ಟೈರು ಪಂಕ್ಚರ್ ಆದಾಗ ಬದಲಿಗೆ ಹಾಕುತ್ತಾರಲ್ಲ, ಆ ಸ್ಟೆಪ್ನಿ. ಅರವತ್ತೆಂಟು ವರ್ಷದ, ಬಿಳಿ ಮೀಸೆಯ, ಎರಡೂ ಮಂಡಿ ನೋವಿರುವ ಈ ಮನುಷ್ಯ ಹಾಲಿನ ಮೂಲೆಯಲ್ಲಿ ಚಾಪೆ ಹಾಸಿ, ಕಾಲು ಮಡಚಿ, ತಲೆಯನ್ನು ಹೊಟ್ಟೆಯೊಳಗೆ ಸೇರಿಸಿಕೊಂಡು ಮಲಗಿದರು ಅಂದರೆ ಯಾವ ದಿಕ್ಕಿನಿಂದ ನೋಡಿದರೂ ದುಂಡಗೆ ಕಾಣುತ್ತಾರೆ. ಹೊಟ್ಟೆಯ ಸಹಕಾರವೂ ಚೆನ್ನಾಗಿದೆ ಅನ್ನಿ. ಒಂದು ಸಲ ಹಾಗೆ ಮುಕ್ಕಾಲು ಗಂಟೆ ಮಲಗಿದ್ದರು. ಮಧ್ಯದಲ್ಲಿ ಮೂಗು ತುರಿಸಿತಂತೆ. ಕೆರೆದುಕೊಳ್ಳಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ಸ್ಟೆಪ್ನಿಗೆ ಕೈ ಎಲ್ಲಿರುತ್ತೋ?" ಅಂದರು, ನನಗೇ ತಲೆ ಕೆಟ್ಟಿದೆ ಅನ್ನುವ ಹಾಗೆ.

ಇಷ್ಟಕ್ಕೂ ಅವರನ್ನು ಸ್ಟೆಪ್ನಿ ಮಾಡಿದ್ದು ಯಾರು? ನಮ್ಮಕ್ಕನ ಮಗಳು ಪುಟ್ಟಿ. ವಯಸ್ಸು ನಾಲ್ಕು. ಅಕ್ಕ ಇರುವುದು ಜಕ್ಕೂರಿನ ಅಪಾರ್ಟ್‌ಮೆಂಟಿನಲ್ಲಿ, ಆಫೀಸು ಹೆಬ್ಬಾಳದ ಆಚೆ. ಬೆಳಿಗ್ಗೆ ಎಂಟೂವರೆಗೆ ಮಗುವನ್ನು ನಮ್ಮ ಮನೆಗೆ ತಂದು ಬಿಟ್ಟರೆ ಸಂಜೆ ಆರಕ್ಕೆ ವಾಪಸ್ಸು. ಕೆಳಗಿನ ಮನೆಯಲ್ಲಿ ದೊಡ್ಡಪ್ಪ, ದೊಡ್ಡಮ್ಮ. ಮೇಲಿನ ಮನೆಯಲ್ಲಿ ಅಪ್ಪ, ಅಮ್ಮ ಮತ್ತು ಈ ಮಹಾನ್ ಕಲಾವಿದ. ಕಲಾವಿದ ಅಂದೆನಲ್ಲ, ವಿವರಿಸಿಬಿಡುತ್ತೇನೆ. ನಾನು ಹಗಲು ಹೊತ್ತು ಮನೆಯಲ್ಲೇ ಕೂತು ಫೋನಿನಲ್ಲಿ ಗಿರಾಕಿಗಳ ಬೈಗುಳ ಕೇಳುವ ಕೆಲಸ ಮಾಡುತ್ತೇನೆ. ಉಳಿದ ಹೊತ್ತು ಮಿಮಿಕ್ರಿ. ಬಸ್ಸಿನ ಏರ್ ಬ್ರೇಕ್, ಕುಕ್ಕರಿನ ಮೂರನೇ ಸೀಟಿ, ನಮ್ಮ ಮ್ಯಾನೇಜರ್, ಪಕ್ಕದ ಮನೆಯ ನಾಯಿ, ಯಾವುದು ಬೇಕು ಹೇಳಿ! ಬಡಾವಣೆಯ ಗಣೇಶೋತ್ಸವದಲ್ಲಿ ಎರಡು ವರ್ಷ ಮೊದಲ ಬಹುಮಾನ ಪಡೆದಿದ್ದೇನೆ. ಎರಡು ವರ್ಷವೂ ಸ್ಟೀಲ್ ಬಕೆಟ್. ಇಷ್ಟೊಂದು ಜನರ ದನಿ ಮಾಡಿ ಮಾಡಿ ನನ್ನ ಸ್ವಂತ ದನಿ ಯಾವುದು ಅಂತ ಯಾರಾದರೂ ಕೇಳಿದರೆ ಬಕೆಟ್ಟಿನೊಳಗೆ ಬಗ್ಗಿ ಹುಡುಕಬೇಕು.

ದೊಡ್ಡಪ್ಪ ಮೂವತ್ತೆರಡು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಯಲಹಂಕದಿಂದ ಯಶವಂತಪುರ, ಯಶವಂತಪುರದಿಂದ ಯಲಹಂಕ. ಒಟ್ಟು ಎಷ್ಟು ಸಾವಿರ ಮೈಲಿಯೋ, ಎಲ್ಲಾ ನಿಂತುಕೊಂಡೇ! ಇಂಥವರಿಗೆ ಒಂದು ಮಗು ಸಿಕ್ಕರೆ ಯಾವ ಆಟ ಕಲಿಸುತ್ತಾರೆ ಹೇಳಿ? ಊಟದ ಮನೆಯ ಐದು ಕುರ್ಚಿ ಹಾಲಿಗೆ ಬಂದವು. ಸಾಲಾಗಿ ನಿಂತವು. ಮುಂದೆ ಸ್ಟೀಲ್ ತಟ್ಟೆ, ಅದು ಸ್ಟೇರಿಂಗು. ಪಕ್ಕದಲ್ಲಿ ಖಾಲಿ ಡಬ್ಬಕ್ಕೆ ಸಿಕ್ಕಿಸಿದ ದೊಡ್ಡಮ್ಮನ ಲಟ್ಟಣಿಗೆ, ಅದು ಗೇರು. ಹಳೇ ಕ್ಯಾಲೆಂಡರಿನ ಚೂರುಗಳು ಟಿಕೆಟ್ಟು. ಡ್ರೈವರೂ ಪುಟ್ಟಿ, ಕಂಡಕ್ಟರೂ ಪುಟ್ಟಿ. ದೊಡ್ಡಪ್ಪ ಉಳಿದ ಎಲ್ಲಾ. ಪ್ಯಾಸೆಂಜರು, ಟ್ರಾಫಿಕ್ ಪೊಲೀಸು, ರಸ್ತೆಗೆ ಅಡ್ಡ ಬರುವ ಹಸು, ತೀರಾ ಅವಸರಕ್ಕೆ ಸ್ಟೆಪ್ನಿ.

ಈ ಬಸ್ಸಿಗೆ ದೊಡ್ಡಪ್ಪನದ್ದು ಒಂದೇ ನಿಯಮ. ಹೊರಡಿಸಿದವರೇ ಡಿಪೋ ಸೇರಿಸಬೇಕು. ಮಧ್ಯದಲ್ಲಿ ಬಿಟ್ಟು ಎದ್ದು ಹೋಗುವ ಹಾಗಿಲ್ಲ. ಬಾತ್‌ರೂಮಿಗೆ ಹೋಗಬೇಕೆಂದರೆ, ಹಾಲು ಉಕ್ಕುತ್ತಿದ್ದರೆ, ಹೆಬ್ಬೆರಳೆತ್ತಿ "ಟೈಂಪ್ಲೀಸ್" ಅನ್ನಬೇಕು, ಅಷ್ಟೇ. ದಿನಾ ಸಂಜೆ ಅಕ್ಕನ ಸ್ಕೂಟರಿನ ಹಾರನ್ ಕೇಳಿದ ತಕ್ಷಣ ಪುಟ್ಟಿ "ಬಸ್ ಡಿಪೋಗೆ!" ಅಂತ ಕೂಗುತ್ತಿದ್ದಳು. ಕುರ್ಚಿಗಳು ಊಟದ ಮನೆಗೆ, ತಟ್ಟೆ ಸಿಂಕಿಗೆ, ಗೇರು ದೊಡ್ಡಮ್ಮನ ಕೈಗೆ. ಆಮೇಲೆಯೇ ನಮ್ಮ ಮನೆಯಲ್ಲಿ ರಾತ್ರಿಯ ಚಪಾತಿ.

ಸಮಸ್ಯೆ ಶುರುವಾಗಿದ್ದು ಏಪ್ರಿಲ್ಲಿನ ಒಂದು ಸಂಜೆ.

"ಪುಟ್ಟಿ, ಇವತ್ತು ಏನ್ ಕಲಿತೆ ಬಂಗಾರ?" ಅಂತ ಅಕ್ಕ ಕೇಳಿದಳು.

"ಇವತ್ತು ತಾತ ಸ್ಟೆಪ್ನಿ ಆಗಿದ್ರು."

"ನಿನ್ನೆ?"

"ನಿನ್ನೆ ಹಸು."

ಅಕ್ಕ ದೊಡ್ಡಪ್ಪನ ಮುಖ ನೋಡಿದಳು. ಹಸುವಿಗೆ ಸ್ವಲ್ಪ ನಾಚಿಕೆಯಾಯಿತು.

"ದೊಡ್ಡಪ್ಪ, ಬೇಜಾರ್ ಮಾಡ್ಕೋಬೇಡಿ. ನಮ್ಮ ಅಪಾರ್ಟ್‌ಮೆಂಟ್ ಕೆಳಗೇ ಒಂದು ಪ್ಲೇ ಸೆಂಟರ್ ಓಪನ್ ಆಗಿದೆ. ಜೂನ್‌ನಿಂದ ಅಲ್ಲೇ ಸೇರಿಸೋಣ ಅಂತ. ಇವಳಿಗೂ ಇವಳ ವಯಸ್ಸಿನ ಮಕ್ಕಳು ಬೇಕಲ್ವಾ?"

"ನ್ಯಾಯವಾದ ಮಾತು ಕಣಮ್ಮಾ" ಅಂದರು ದೊಡ್ಡಪ್ಪ. "ಮಕ್ಕಳ ಜೊತೆ ಮಕ್ಕಳಿರಬೇಕು. ನಂದೇನು, ಸ್ಟೆಪ್ನಿ ಕೆಲಸ."

ಅಂದಿದ್ದೇನೋ ಸರಿ. ಆದರೆ ಆವತ್ತು ರಾತ್ರಿ ಚಪಾತಿಗೆ ಪಲ್ಯ ಹಾಕಿಕೊಳ್ಳುವುದನ್ನೇ ಮರೆತು ಬರೀ ಚಪಾತಿ ತಿಂದರು. ದೊಡ್ಡಮ್ಮ ನೋಡಿದರು, ಏನೂ ಅನ್ನಲಿಲ್ಲ. ದೊಡ್ಡಮ್ಮ ಏನೂ ಅನ್ನದಿರುವುದು ನಮ್ಮ ಮನೆಯಲ್ಲಿ ಬಹಳ ದೊಡ್ಡ ವಿಷಯ!

ಉಳಿದ ಆ ಎರಡು ತಿಂಗಳು ದೊಡ್ಡಪ್ಪ ಡಬಲ್ ಡ್ಯೂಟಿ ಮಾಡಿದರು.

ಕಾಫಿಯ ವಿಷಯ ಕೇಳಿ. ಬಸ್ಸು ಮಧ್ಯದಲ್ಲಿ ಹೋಟೆಲಿಗೆ ನಿಲ್ಲುತ್ತಿತ್ತು. ಪುಟ್ಟಿ ಡಬ್ಬದ ಮುಚ್ಚಳದಲ್ಲಿ ಗಾಳಿ ತುಂಬಿಕೊಂಡು ಬಂದು "ಕಾಫಿ ಸಾರ್" ಅನ್ನುವಳು. ನೀವು, ನಾನು ಆದರೆ ಏನು ಮಾಡುತ್ತೇವೆ? ಸುರ್ ಅಂತ ಸದ್ದು ಮಾಡಿ, "ಆಹಾ" ಅಂದು ಮುಚ್ಚಳ ವಾಪಸ್ ಕೊಡುತ್ತೇವೆ. ದೊಡ್ಡಪ್ಪ ಹಾಗಲ್ಲ. ಮೊದಲು ಊದುತ್ತಾರೆ. ಅಂಚು ಬಿಸಿ ಅಂತ ಪಂಚೆಯ ತುದಿಯಲ್ಲಿ ಹಿಡಿಯುತ್ತಾರೆ. ಒಂದು ಗುಟುಕು ಕುಡಿದು ಮುಖ ಸಿಂಡರಿಸಿ, "ಏನಮ್ಮಾ, ನಂಗೆ ಶುಗರ್ ಇದೆ ಅಂತ ಹೇಳಿದ್ನಲ್ಲಾ, ಇಷ್ಟೊಂದು ಸಕ್ಕರೆ ಹಾಕಿದೀಯ!" ಅನ್ನುತ್ತಾರೆ. ಪುಟ್ಟಿ ಹಣೆ ಬಡಿದುಕೊಂಡು ಒಳಗೆ ಓಡಿ ಇನ್ನೊಂದು ಗಾಳಿ ತರುತ್ತಾಳೆ. ಹೀಗೆ ಮೂರು ಸಲ ಆದ ಮೇಲೆ ದೊಡ್ಡಮ್ಮ ನಿಜವಾದ ಕಾಫಿ ತಂದರು.

"ಬೇಡ ಕಣೆ. ಈಗಷ್ಟೇ ಮೂರು ಲೋಟ ಆಯ್ತು. ನಿದ್ದೆ ಬರಲ್ಲ" ಅಂದರು ದೊಡ್ಡಪ್ಪ.

"ರೀ, ನಲವತ್ತು ವರ್ಷದಿಂದ ನಾನು ಕೊಟ್ಟ ಕಾಫೀನ ಒಂದ್ ದಿನ ಆದ್ರೂ ಹಿಂಗೆ ಊದಿ ಊದಿ ಕುಡಿದಿದ್ದೀರಾ?" ಅಂತ ಕೇಳಿ ದೊಡ್ಡಮ್ಮ ಆ ಕಾಫಿಯನ್ನು ತಾವೇ ಕುಡಿದುಬಿಟ್ಟರು.

ಇನ್ನೊಂದು ದಿನ ಬಾಗಲೂರಿನಿಂದ ಒಬ್ಬ ಗೌಡರು ಮಗಳ ಮದುವೆಗೆ ಕರೆಯಲು ಬಂದರು. ದೊಡ್ಡಪ್ಪನ ಹಳೇ ಪರಿಚಯ. ಮೊದಲು ಹೊಲ ಇತ್ತು, ಈಗ ಹೊಲದ ಮೇಲೆ ನಾಲ್ಕು ಬಿಲ್ಡಿಂಗ್ ಇವೆ. ಗರಿಗರಿ ಬಿಳಿ ಶರ್ಟು, ಕೈಯಲ್ಲಿ ಎಮ್ಮೆಗೆ ಕಟ್ಟಬಹುದಾದ ದಪ್ಪದ ಚಿನ್ನದ ಚೈನು, ಬಾಗಿಲಲ್ಲಿ ಲಾರಿಯಷ್ಟು ಎತ್ತರದ ಕಾರು.

"ಏನಣ್ಣೋ, ಇಂಗ್ ಕುಂತಿದ್ದೀಯ?" ಅಂತ ಒಳಗೆ ಬಂದರು.

ಕಿಟಕಿ ಸೀಟಿನಲ್ಲಿದ್ದ ದೊಡ್ಡಪ್ಪ ತಿರುಗಲಿಲ್ಲ. ತುಟಿ ಅಲ್ಲಾಡಿಸದೆ, "ಸುಮ್ನೆ ಹತ್ಕೊಳಪ್ಪಾ, ಕಂಡಕ್ಟರ್ ಸ್ಟ್ರಿಕ್ಟು" ಅಂದರು.

"ಯೇ, ಟಿಕೆಟ್ ತಗೊಳ್ರೀ!" ಅಂತ ಪುಟ್ಟಿ ಬಂದೇಬಿಟ್ಟಳು. ಗೌಡರು ಖಾಲಿ ಕುರ್ಚಿಯಲ್ಲಿ ಕೂರಲು ಹೋದರು. "ಅದು ಲೇಡೀಸ್ ಸೀಟು! ನೀವ್ ಲೇಡೀಸಾ? ಆಧಾರ್ ಕಾರ್ಡ್ ತೋರ್ಸಿ!"

ಗೌಡರ ಹತ್ತಿರ ಅಂಥ ದಾಖಲೆ ಇರಲಿಲ್ಲ. ಎದ್ದು ನಿಂತು ಕಿಟಕಿಯ ಸರಳು ಹಿಡಿದುಕೊಂಡರು. ಪುಟ್ಟಿ ಗೇರು ಹಾಕಿದಳು. ಬಸ್ಸು ಹೊರಟಿತು. ಮೊದಲ ಎರಡು ನಿಮಿಷ ಗೌಡರು ಮದುವೆ ಮನೆಯ ಗಾಂಭೀರ್ಯದಲ್ಲೇ ಇದ್ದರು. ಮೂರನೇ ನಿಮಿಷಕ್ಕೆ ತಿರುವಿನಲ್ಲಿ ಸ್ವಲ್ಪ ವಾಲಿದರು. ಐದನೆಯದಕ್ಕೆ ಪಕ್ಕದ, ಯಾರೂ ಇಲ್ಲದ ಜಾಗಕ್ಕೆ ತಿರುಗಿ, "ಒಸಿ ಅತ್ಲಾಗೆ ಸರ್ಕೊಳಯ್ಯ, ಕಾಲ್ ತುಳೀತಿದ್ದೀಯ!" ಅಂತ ಗದರಿದರು! ಆಮೇಲೆ ಬಹಳ ವಿನಯದಿಂದ, "ಚಿಕ್ಕಜಾಲದ್ ಅತ್ರ ನಿಲ್ಲಿಸ್ತೀಯೇನವ್ವಾ?" ಅಂತ ಕೇಳಿದರು.

"ಸ್ಟಾಪ್ ಇಲ್ಲ. ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ!"

ಅರ್ಧ ಗಂಟೆ ಓಡಾಡಿ, ಇಳಿದು, ಕೈ ಮುಗಿದು, ಕಾರು ಹತ್ತಿ ಹೊರಟೇಹೋದರು. ಹತ್ತು ನಿಮಿಷದ ಮೇಲೆ ವಾಪಸ್ ಬಂದರು. ಲಗ್ನಪತ್ರಿಕೆ ಅವರ ಕೈಯಲ್ಲೇ ಉಳಿದಿತ್ತು!

ಇಷ್ಟೆಲ್ಲಾ ನಡೆಯುವಾಗ ಮನೆಯಲ್ಲೇ ಒಬ್ಬ ಕಲಾವಿದ ಇದ್ದಾನೆ, ಅವನನ್ನು ಯಾರೂ ಬಳಸಿಕೊಳ್ಳುತ್ತಿಲ್ಲವಲ್ಲ ಅಂತ ನನಗೆ ಹೊಟ್ಟೆಯುರಿ. ಒಂದು ದಿನ ಊಟದ ಬಿಡುವಿನಲ್ಲಿ ಕೆಳಗೆ ಇಳಿದು ಬಂದೆ. ಬಸ್ಸು ಹೊರಡುವ ಹೊತ್ತಿಗೆ ಸರಿಯಾಗಿ ಶುರು ಮಾಡಿದೆ ನೋಡಿ! ಸೆಲ್ಫು, ಇಂಜಿನ್ನು, ಏರ್ ಬ್ರೇಕಿನ ಟಿಶ್ಶ್, ಬಾಗಿಲು ಮುಚ್ಚುವ ಧಡ್, ಹಿಂದಿನ ಆಟೋದವನ ಹಾರನ್ನು. ಕಣ್ಣು ಮುಚ್ಚಿಕೊಂಡು ಕೇಳಿದರೆ ಸಾಕ್ಷಾತ್ ಯಶವಂತಪುರ ಸರ್ಕಲ್! ಕಣ್ಣು ಬಿಟ್ಟೆ. ಪುಟ್ಟಿ ಸ್ಟೇರಿಂಗ್ ಬಿಟ್ಟು ನನ್ನನ್ನೇ ನೋಡುತ್ತಾ ಕೂತಿದ್ದಳು. ಚಪ್ಪಾಳೆ ಬರುತ್ತದೆ ಅಂದುಕೊಂಡೆ.

"ಮಾಮ, ನೀನ್ ಸುಮ್ನಿರು. ಬಸ್ ಸೌಂಡ್ ನಾನ್ ಮಾಡ್ಬೇಕು."

ಮಾಡಿದಳು. "ಡುರ್ ಡುರ್ ಡುರ್." ಅಷ್ಟೇ. ಮಿಕ್ಸಿಯಲ್ಲಿ ಚಮಚ ಸಿಕ್ಕಿಕೊಂಡ ಹಾಗೆ. ಎರಡು ಬಕೆಟ್ ಗೆದ್ದವನಿಗೆ ಈ ಗತಿಯೇ?

ನನ್ನ ಮುಖ ನೋಡಿ ದೊಡ್ಡಪ್ಪ ಟೈಂಪ್ಲೀಸ್ ತೆಗೆದುಕೊಂಡು ಪಕ್ಕಕ್ಕೆ ಕರೆದರು. "ನೋಡೋ, ನೀನ್ ಎಲ್ಲಾ ಸೌಂಡೂ ಕರೆಕ್ಟಾಗಿ ಮಾಡ್ತೀಯ. ಅದೇ ನಿನ್ ಪ್ರಾಬ್ಲಮ್ಮು. ನೀನೇ ಎಲ್ಲಾ ಮಾಡಿಬಿಟ್ರೆ ಮಗುಗೆ ಮಾಡೋಕೇನು ಉಳೀತು? ಅವಳಿಗೆ ಅಂತ ಅಂಗಡಿಯಿಂದ ಬ್ಯಾಟರಿ ಬಸ್ ತಂದಿದ್ಯಲ್ಲ, ಅದೂ ಹಿಂಗೇ ಬಾಯ್ ಬಡ್ಕೊಂಡು ಈಗ ಬೀರು ಮೇಲೆ ಕೂತಿದೆ."

ನಾನು ಬೀರುವಿನ ಮೇಲೆ ನೋಡಿದೆ. ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗವಿತ್ತು.

ಜೂನ್ ಹತ್ತಿರ ಬಂದಾಗ ಅಕ್ಕ ನನ್ನನ್ನೂ ದೊಡ್ಡಪ್ಪನನ್ನೂ ಆ ಪ್ಲೇ ಸೆಂಟರ್ ನೋಡಲು ಕರೆದುಕೊಂಡು ಹೋದಳು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಇತ್ತು. ನೆಲವೆಲ್ಲ ಮೆತ್ತೆ, ಗೋಡೆಯೆಲ್ಲ ಜಿರಾಫೆ. ಮಕ್ಕಳು ಕುಣಿಯುತ್ತಿದ್ದವು. ಪುಟ್ಟಿ ಚಪ್ಪಲಿ ಬಿಟ್ಟವಳೇ ಗುಂಗುರು ಕೂದಲಿನ ಒಂದು ಹುಡುಗಿಯ ಕೈ ಹಿಡಿದು ಮಾಯವಾದಳು. ದೊಡ್ಡಪ್ಪ ಅದನ್ನು ನೋಡಿದ್ದನ್ನು ನಾನು ನೋಡಿದೆ. ಆಮೇಲೆ ನಾನು ಜಿರಾಫೆ ನೋಡಿದೆ.

ಅಲ್ಲಿನ ಮೇಡಂ ಟೈಂಟೇಬಲ್ ತೋರಿಸಿದರು. "ನಮ್ಮಲ್ಲಿ ಮೂರರಿಂದ ಮೂರೂವರೆ ಇಮ್ಯಾಜಿನೇಶನ್ ಟೈಂ ಅಂಕಲ್."

ದೊಡ್ಡಪ್ಪ ನಿಜವಾದ ಕುತೂಹಲದಿಂದ ಕೇಳಿದರು, "ಮೂರು ಮೂವತ್ತೈದಕ್ಕೆ ಮಗುಗೆ ಏನಾದ್ರೂ ಹೊಳೆದ್ರೆ?"

ಮೇಡಂ ಯೋಚಿಸಿದರು. "ಅದನ್ನ ನಾಳೆಗೆ ಇಟ್ಕೋಬಹುದು ಅಂಕಲ್."

ದಾರಿಯುದ್ದಕ್ಕೂ ನಾನು ಆ ಮೇಡಂ ದನಿ ಮಾಡಿ ನಗಿಸಲು ನೋಡಿದೆ. ದೊಡ್ಡಪ್ಪ ನಗಲಿಲ್ಲ. "ಒಳ್ಳೇ ಜಾಗ ಕಣೋ. ಅವಳು ನಕ್ಕಿದ್ದು ನೋಡಿದ್ಯಲ್ಲ" ಅಂದರು.

ಕೊನೆಯ ದಿನ ಬಂತು. ಆವತ್ತು ಬಸ್ಸು ಬೆಳಿಗ್ಗೆಯಿಂದ ಎಂಟು ಟ್ರಿಪ್ ಹೊಡೆಯಿತು. ಸಂಜೆಯ ಟ್ರಿಪ್ಪಿನಲ್ಲಿ ಹೆಬ್ಬಾಳ ಫ್ಲೈಓವರ್ ಮೇಲೆ ಪಂಕ್ಚರ್! ದೊಡ್ಡಪ್ಪ ತಕ್ಷಣ ಮೂಲೆಗೆ ಹೋಗಿ ಸುತ್ತಿಕೊಂಡರು. ಪುಟ್ಟಿ ಅವರ ಬೆನ್ನು ತಟ್ಟಿ, "ಇಲ್ಲೇ ಇರು, ಜಾಕ್ ತರ್ತೀನಿ" ಅಂದು ಜಾಕ್ ಹುಡುಕಲು ಸೋಫಾದ ಹಿಂದೆ ಹೋದಳು. ಅಲ್ಲೇ ದಿಂಬು ಸಿಕ್ಕಿತು. ಅಲ್ಲೇ ನಿದ್ದೆಯೂ ಬಂತು. ಅಕ್ಕ ಬಂದು, ಎಬ್ಬಿಸುವುದು ಬೇಡ ಅಂತ ಆಟೋ ಕರೆಸಿ, ಹೆಗಲಿಗೆ ಹಾಕಿಕೊಂಡು ಹೋದಳು.

ಯಾರೂ "ಬಸ್ ಡಿಪೋಗೆ" ಅನ್ನಲಿಲ್ಲ.

ದೊಡ್ಡಪ್ಪ ಏಳಲೇ ಇಲ್ಲ. ಎಂಟು ಗಂಟೆಗೆ ದೊಡ್ಡಮ್ಮ "ರೀ, ಊಟಕ್ಕೆ ಏಳ್ರೀ" ಅಂದಾಗ ಮೂಲೆಯಿಂದ ಒಂದು ಹೆಬ್ಬೆರಳು ಮೇಲೆ ಬಂತು. "ಟೈಂಪ್ಲೀಸ್."

ದೊಡ್ಡಮ್ಮ ಕುರ್ಚಿ ಎತ್ತಲು ಹೋದರು. "ಮುಟ್ಟಬೇಡ ಕಣೆ! ಕೆಟ್ಟು ನಿಂತಿರೋ ಗಾಡಿ. ಕಂಡಕ್ಟರ್ ಇಲ್ದೆ ತೆಗೆಯಂಗಿಲ್ಲ."

ಅಲ್ಲಿಂದ ಹತ್ತು ದಿನ, ಹತ್ತು ದಿನ ಸ್ವಾಮಿ, ನಮ್ಮ ಹಾಲಿನಲ್ಲಿ ಹೆಬ್ಬಾಳ ಫ್ಲೈಓವರ್! ನೆಲ ಒರೆಸುವವರು ಸುತ್ತು ಹಾಕಿ ಒರೆಸಿದರು. ದೊಡ್ಡಮ್ಮ ಟಿವಿಯನ್ನು ನಿಂತುಕೊಂಡು ನೋಡಿದರು. ಅದಕ್ಕಿಂತ ಘೋರವೆಂದರೆ ಗೇರು ಡಬ್ಬದಲ್ಲೇ ಇತ್ತು. ಲಟ್ಟಣಿಗೆ ಇಲ್ಲ, ಚಪಾತಿ ಇಲ್ಲ! ಶುಗರ್ ಇರುವ ಮನುಷ್ಯ, ರಾತ್ರಿ ಅನ್ನ ಬೇಡ ಅಂತ ಡಾಕ್ಟರು ಹೇಳಿದ್ದಾರೆ. ಹತ್ತು ರಾತ್ರಿ ಉಪ್ಪಿಟ್ಟು ತಿಂದರು.

"ಇನ್ನೊಂದ್ ಲಟ್ಟಣಿಗೆ ತಂದ್ಬಿಡಿ ದೊಡ್ಡಮ್ಮ" ಅಂದೆ.

"ಗೇರಿಗೊಂದು ಚಪಾತಿಗೊಂದು ಇಟ್ಕೊಳೋಕೆ ನಾನೇನ್ ಗ್ಯಾರೇಜ್ ನಡೆಸ್ತಿದೀನಾ?"

"ಹೋಗಲಿ, ಅಕ್ಕನಿಗೆ ಫೋನ್ ಮಾಡಿ ಪುಟ್ಟಿ ಕೈಲೇ ಹೇಳಿಸೋಣ."

ಅದಕ್ಕೆ ದೊಡ್ಡಪ್ಪ ಒಪ್ಪಲಿಲ್ಲ. "ಬೇಡ. ಹೊಸ ಜಾಗ. ಈಗಷ್ಟೇ ಹೊಂದ್ಕೊಳ್ತಿರುತ್ತೆ ಮಗು. ಹಳೇದೆಲ್ಲ ನೆನಪು ಮಾಡ್ಬೇಡ." ಆಮೇಲೆ, "ಮರೆತಿದ್ರೂ ಪರವಾಗಿಲ್ಲ" ಅಂದರು. ಪರವಾಗಿಲ್ಲ ಅನ್ನುವವರ ಮುಖ ಹಾಗಿರುವುದಿಲ್ಲ.

ಆವತ್ತೇ ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಎಳೆದರು. "ಲೋ, ಊರಿನವರ ದನಿಯೆಲ್ಲಾ ಮಾಡ್ತೀಯಲ್ಲ. ಪುಟ್ಟಿದು ಬರುತ್ತಾ?"

ಬರುತ್ತಾ ಅಂತ ನನ್ನನ್ನು ಕೇಳುವುದೇ! ಮಹಡಿಗೆ ಓಡಿ, ಬಾಗಿಲು ಹಾಕಿಕೊಂಡು, ಕೆಳಗಿನ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿದೆ. ಅದರಲ್ಲಿ ಯಾರ ನಂಬರೂ ಕಾಣಿಸುವುದಿಲ್ಲ. ದೊಡ್ಡಪ್ಪನೇ ಎತ್ತಿದರು. ಮೂಗು ಸ್ವಲ್ಪ ಕಟ್ಟಿದ, ಸಕಾರ ಸ್ವಲ್ಪ ಜಾರುವ ಆ ದನಿಯನ್ನು ನನ್ನ ಇಡೀ ವೃತ್ತಿಜೀವನದ ಸಾರವೆಲ್ಲ ಸುರಿದು ತೆಗೆದೆ.

"ತಾತಾ... ಬಸ್ ಡಿಪೋಗೆ ಹೋಗ್ಲಿ. ಆಟ ಮುಗೀತು."

ಆ ಕಡೆಯಿಂದ, "ಆಯ್ತು ಮೇಡಂ." ಫೋನ್ ಇಟ್ಟರು.

ಗೆದ್ದೆ ಅಂದುಕೊಂಡೆ. ಮೂರನೇ ಬಕೆಟ್ ಕಣ್ಣ ಮುಂದೆ ಬಂತು. ಐದು ನಿಮಿಷದ ಮೇಲೆ ಮೆಟ್ಟಿಲ ಮೇಲೆ ಒಂದೊಂದಾಗಿ ಹೆಜ್ಜೆ ಸದ್ದು. ಮಂಡಿ ನೋವಿನವರು ಮಹಡಿ ಹತ್ತಿ ಬಂದಿದ್ದರು! ನನ್ನ ಕುರ್ಚಿಯಲ್ಲಿ ಕೂತು ಉಸಿರು ಎಳೆದುಕೊಂಡರು.

"ವಾಯ್ಸ್ ಚೆನ್ನಾಗಿತ್ತು ಕಣೋ."

ನಾನು ನೆಲ ನೋಡಿದೆ. "ಹೆಂಗ್ ಗೊತ್ತಾಯ್ತು ದೊಡ್ಡಪ್ಪ?"

"ಅವಳ ಬಾಯಲ್ಲಿ 'ಆಟ' ಅಂತ ಒಂದ್ ದಿನ ಕೇಳಿದ್ದೀಯಾ? ಆಟ ಅನ್ನೋರು ನಾವು. ಅವಳಿಗೆ ಅದು ಬಸ್ಸು."

ಎಲ್ಲರ ದನಿಯನ್ನೂ ಕದ್ದವನು ನಾನು. ಆ ಮಗುವಿನ ಮೂಗು, ತುಟಿ, ಸಕಾರ ಎಲ್ಲವನ್ನೂ ಗಮನಿಸಿದ್ದೆ. ಏನು ಹೇಳುತ್ತಾಳೆ ಅನ್ನುವುದನ್ನು ಮಾತ್ರ ಕೇಳಿಸಿಕೊಂಡಿರಲಿಲ್ಲ.

ಹನ್ನೊಂದನೇ ದಿನ ಭಾನುವಾರ. ಅಕ್ಕನ ಸ್ಕೂಟರಿನ ಹಾರನ್ ಕೇಳಿತು. ದೊಡ್ಡಪ್ಪ ಬಾಗಿಲಲ್ಲಿ ನಿಂತು ಪೇಪರ್ ಓದತೊಡಗಿದರು. ಪೇಪರ್ ತಲೆಕೆಳಗಾಗಿತ್ತು. ನಾನು ಹೇಳಲಿಲ್ಲ.

ಪುಟ್ಟಿ ಒಬ್ಬಳೇ ಬಂದಿರಲಿಲ್ಲ. ಆ ಗುಂಗುರು ಕೂದಲಿನ ಹುಡುಗಿಯೂ ಜೊತೆಗಿದ್ದಳು. ಇಬ್ಬರೂ ಚಪ್ಪಲಿ ಬಿಟ್ಟು ಹಾಲಿಗೆ ಬಂದರು. ಐದು ಕುರ್ಚಿ, ತಟ್ಟೆ, ಗೇರು, ಎಲ್ಲಾ ಇದ್ದಲ್ಲೇ ಇತ್ತು. ಪುಟ್ಟಿಗೆ ಚೂರೂ ಆಶ್ಚರ್ಯವಾಗಲಿಲ್ಲ. ಫ್ಲೈಓವರ್ ಮೇಲೆ ಬಿಟ್ಟು ಹೋದ ಬಸ್ಸು ಫ್ಲೈಓವರ್ ಮೇಲಲ್ಲದೆ ಇನ್ನೆಲ್ಲಿರುತ್ತದೆ? ಸೊಂಟದ ಮೇಲೆ ಕೈಯಿಟ್ಟು ಬಾಗಿಲ ಕಡೆ ತಿರುಗಿದಳು.

"ತಾತ! ಇಲ್ಲೇ ಇರು ಅಂದ್ರೆ ಅಲ್ಲೇನ್ ಮಾಡ್ತಿದೀಯಾ? ಟೈರ್ ಹಾಕ್ಬೇಕಲ್ವಾ?"

ಪೇಪರ್ ಎಲ್ಲಿ ಬಿತ್ತೋ ಗೊತ್ತಿಲ್ಲ. ಅರವತ್ತೆಂಟು ವರ್ಷದ ಆ ಮನುಷ್ಯ ಮೂಲೆಗೆ ಹೋಗಿ ಸುತ್ತಿಕೊಂಡ ವೇಗಕ್ಕೆ ನಿಜವಾದ ಟೈರು ನಾಚಬೇಕು. ಪುಟ್ಟಿ ಜಾಕ್ ಇಟ್ಟಳು, ಬೆನ್ನಿಗೆ ಗಾಳಿ ಹೊಡೆದಳು, ಗುಂಗುರು ಕೂದಲಿನವಳು ನಟ್ಟು ಬಿಗಿದಳು. ಅಕ್ಕ ಗೋಡೆಗೊರಗಿ ನೋಡುತ್ತಾ ನಿಂತಿದ್ದವಳು, "ದೊಡ್ಡಪ್ಪ, ಶನಿವಾರ, ಭಾನುವಾರ ಇಬ್ರನ್ನೂ ಇಲ್ಲೇ ಬಿಡ್ಲಾ?" ಅಂದಳು. ಸ್ಟೆಪ್ನಿ ಮಾತಾಡುವ ಹಾಗಿಲ್ಲವಲ್ಲ. ತಲೆ ಮಾತ್ರ ಜೋರಾಗಿ ಅಲ್ಲಾಡಿತು. ಅಡುಗೆಮನೆಯಿಂದ ದೊಡ್ಡಮ್ಮ, "ಆರು ಗಂಟೆಗೆ ಡಿಪೋ ಅಂತ ಬರೆಸ್ಕೊಂಡು ಬಿಡೇ!" ಅಂತ ಕೂಗಿದರು.

ಬಸ್ಸು ಹೊರಡಬೇಕು. ಪುಟ್ಟಿ ಒಂದು ಕ್ಷಣ ಯೋಚಿಸಿದಳು. "ತಾತಂಗೆ ಸುಸ್ತಾಗಿದೆ. ತಾತ, ನೀನು ಕಿಟಕಿ ಸೀಟು. ಮಾಮ, ನೀನ್ ಸ್ಟೆಪ್ನಿ!"

ಚಾಪೆ ಇನ್ನೂ ಬೆಚ್ಚಗಿತ್ತು. ನಾನು ಸುತ್ತಿಕೊಂಡು ಮಲಗಿದೆ. ಅಲ್ಲಿಂದ ಎಲ್ಲಾ ಕಾಣುತ್ತಿತ್ತು. ಮೂವತ್ತೆರಡು ವರ್ಷ ನಿಂತೇ ಓಡಾಡಿದ ಮನುಷ್ಯ ಕಿಟಕಿಯ ಪಕ್ಕ ಕೈಕಟ್ಟಿ ಕೂತಿದ್ದರು. ಹೊರಡುವ ಹೊತ್ತಿಗೆ ಅಭ್ಯಾಸಬಲದಿಂದ "ರೈಟ್" ಅನ್ನಲು ಅವರ ಬಾಯಿ ತೆರೆಯಿತು. ಪುಟ್ಟಿಯ ಕಡೆ ನೋಡಿ ಮುಚ್ಚಿಕೊಂಡರು.

"ರೈಟ್ ರೈಟ್!" ಅಂದಳು ಪುಟ್ಟಿ. ಹತ್ತು ದಿನದಿಂದ ನಿಂತಿದ್ದ ಬಸ್ಸು ಡುರ್ ಡುರ್ ಡುರ್ ಅಂತ ಹೊರಟಿತು. ದೊಡ್ಡಪ್ಪ ಕಿಟಕಿಯಾಚೆ ಹಿಂದೆ ಸರಿಯುತ್ತಿದ್ದ ಹೆಬ್ಬಾಳದ ಕೆರೆಯನ್ನು ನೋಡುತ್ತಾ, ಗಾಳಿ ಬಂತೇನೋ, ಕಣ್ಣು ಒರೆಸಿಕೊಂಡರು.

ನನ್ನ ನಾಲಿಗೆಯ ತುದಿಯಲ್ಲಿ ಒಂದು ಅದ್ಭುತವಾದ ಏರ್ ಬ್ರೇಕ್ ಸದ್ದು ಬಂದು ನಿಂತಿತ್ತು. ನುಂಗಿಕೊಂಡೆ.

ಸ್ಟೆಪ್ನಿಗೆ ಬಾಯಿ ಎಲ್ಲಿರುತ್ತೆ ಹೇಳಿ?